ನಿಂಬೆಯ ಕೇಕಿನಲ್ಲಿ ತಾಯಿಯ ಮನಸ್ಸು

ಹುಟ್ಟುಹಬ್ಬಕ್ಕೆ ಇನ್ನೂ ಕೆಲವು ದಿನಗಳಿದ್ದುವು. ಒಂಬತ್ತು ವರ್ಷ ತುಂಬಲಿದ್ದ ಹುಡುಗಿ ಮನೆಗೆ ಬಂದಾಗ ತಾಯಿ ಕೇಕು ಮಾಡುವ ಸಂಭ್ರಮದಲ್ಲಿದ್ದಳು. ಆ ದಿನ ಕೆಟ್ಟುಹೋದೀತೆಂಬ ಅಳುಕಿನಿಂದ ಮೊದಲೇ ಒಮ್ಮೆ ಮಾಡಿ ನೋಡುವ ಪ್ರಯೋಗ ಅದು: ಒಳಗೆ ನಿಂಬೆಯ ಹುಳಿ, ಮೇಲೆ ಚಾಕೊಲೇಟಿನ ಲೇಪ. ಕೆಲಸ ಮುಗಿಸಿ ತಾಯಿ ತುಸು ಹೊತ್ತು ಮಲಗಲು ಹೋದಳು. ಮಗಳು ಒಂದು ತುಂಡನ್ನು ಬಾಯಿಗಿಟ್ಟಳು. ನಿಂಬೆ ಇತ್ತು, ಸಕ್ಕರೆ ಇತ್ತು, ಬೆಣ್ಣೆ ಇತ್ತು. ಅವೆಲ್ಲದರ ಹಿಂದೆ, ಹೆಸರಿಡಲಾಗದ ಒಂದು ಬರಿದು ಇತ್ತು. ಸದಾ ನಗುನಗುತ್ತ ಓಡಾಡುವ ತಾಯಿಯ ಎದೆಯೊಳಗಿನ ಬರಿದು ಅದು. ಹಿಟ್ಟು ಕಲಸಿದ ಕೈಗಳಿಂದ ಹಿಟ್ಟಿಗಿಳಿದು, ಹಿಟ್ಟಿನಿಂದ ಮಗಳ ನಾಲಗೆಗೆ ಬಂದಿತ್ತು.

ಅಮೆರಿಕದ ಲೇಖಕಿ ಎಯ್ಮಿ ಬೆಂಡರ್ ೨೦೧೦ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಹೀಗೆ ಆರಂಭವಾಗುತ್ತದೆ. ಹೆಸರು ತುಸು ಉದ್ದವೇ: ‘ದಿ ಪರ್ಟಿಕ್ಯುಲರ್ ಸ್ಯಾಡ್‌ನೆಸ್ ಆಫ್ ಲೆಮನ್ ಕೇಕ್’. ನಿಂಬೆಯ ಕೇಕಿಗೇ ವಿಶಿಷ್ಟವಾದ ಒಂದು ದುಃಖವೆಂದು ಅದರ ಭಾವಾರ್ಥ. ಕಥೆ ನಡೆಯುವುದು ಲಾಸ್ ಏಂಜಲೀಸ್ ನಗರದ ಒಂದು ಸಾಧಾರಣ ಮನೆಯಲ್ಲಿ. ಮಂತ್ರವಾದಿಯಿಲ್ಲ, ಮಾಯಾದಂಡವಿಲ್ಲ, ಹಾರುವ ಕಂಬಳಿಯಿಲ್ಲ. ತಂದೆ ವಕೀಲ, ತಾಯಿ ಗೃಹಿಣಿ, ಬುದ್ಧಿವಂತನಾದ ಅಣ್ಣ, ಮತ್ತು ರೋಸ್ ಎಂಬ ಈ ಹುಡುಗಿ. ಅದ್ಭುತವೆಂಬುದು ಒಂದೇ ಒಂದು: ಅಡಿಗೆ ಮಾಡಿದವರ ಮನಸ್ಸು ಅಡಿಗೆಯಲ್ಲಿ ಉಳಿಯುತ್ತದೆ, ಅದು ರೋಸಳಿಗೆ ರುಚಿಯಾಗಿ ತಿಳಿಯುತ್ತದೆ.

ಕನ್ನಡದ ಓದುಗರಿಗೆ ಇದರಲ್ಲಿ ಅರ್ಧ ಭಾಗ ಅದ್ಭುತವೆಂದೇ ತೋರಲಾರದು. ‘ಕೈರುಚಿ’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಬಳಕೆಯದು. ಅದೇ ಬೇಳೆ, ಅದೇ ಹುಣಿಸೆ, ಅದೇ ಸಾರಿನ ಪುಡಿ. ಆದರೂ ಅಜ್ಜಿಯ ಸಾರು ಸೊಸೆಗೆ ಬರುವುದಿಲ್ಲ. ವೈದ್ಯರಿಗೆ ‘ಕೈಗುಣ’ವುಂಟು. ಕೋಪದಲ್ಲಿ ಬಡಿಸಿದ ಅನ್ನ ಮೈಗೆ ಹತ್ತುವುದಿಲ್ಲವೆಂದು ಹಿರಿಯರು ಗದರುವುದುಂಟು. ಮಹಾಭಾರತದ ನಳೋಪಾಖ್ಯಾನದಲ್ಲಿ, ರೂಪಗೆಟ್ಟು ಬಾಹುಕನೆಂಬ ಸಾರಥಿಯಾಗಿದ್ದ ನಳನನ್ನು ದಮಯಂತಿ ಪರೀಕ್ಷಿಸುವ ಬಗೆಯನ್ನು ನೆನೆಯಬಹುದು. ಅವನು ಬೇಯಿಸಿದ ಮಾಂಸದ ಒಂದು ತುಣುಕನ್ನು ದಾಸಿ ಕೇಶಿನಿಯ ಕೈಯಲ್ಲಿ ತರಿಸಿ ರುಚಿ ನೋಡುತ್ತಾಳೆ. ಇದು ನಳನ ಕೈಯದೇ ಎಂದು ನಿಶ್ಚಯಿಸಿ ಕಣ್ಣೀರಿಡುತ್ತಾಳೆ. ಮುಖ ಮುಚ್ಚಿಟ್ಟ ಗುಟ್ಟನ್ನು ಅಡಿಗೆ ಹೇಳಿಬಿಟ್ಟಿತು. ಆದರೆ ದಮಯಂತಿ ಹುಡುಕಿದ್ದು ತನಗೆ ಬೇಕಾದ ಸತ್ಯವನ್ನು. ರೋಸ್ ಎಂಬ ಎಳೆಯ ಹುಡುಗಿಗೆ ಸಿಕ್ಕುವುದು ಯಾವ ಮಗುವಿಗೂ ಬೇಡವಾದ ಸತ್ಯ.

ಬಾಯಿಯೇ ಶತ್ರುವಾದಾಗ

ಈ ಕಾದಂಬರಿಯ ಹಿರಿಮೆಯಿರುವುದು ಇಲ್ಲಿಯೇ. ಇಂತಹ ಶಕ್ತಿಯೊಂದು ದೊರೆತರೆ ಸಾಮಾನ್ಯ ಕಥೆಗಾರರು ನಾಯಕಿಯನ್ನು ಪತ್ತೇದಾರಳನ್ನಾಗಿಯೋ ಲೋಕೋಪಕಾರಿಯನ್ನಾಗಿಯೋ ಮಾಡಿಬಿಡುತ್ತಿದ್ದರು. ರೋಸಳಿಗೆ ಅದು ಕೇವಲ ಹಿಂಸೆ. ಕಣ್ಣಿಗೆ ಬೇಡವಾದುದನ್ನು ಕಣ್ಣುಮುಚ್ಚಿ ತಪ್ಪಿಸಿಕೊಳ್ಳಬಹುದು. ದಿನಕ್ಕೆ ಮೂರು ಹೊತ್ತು ಉಣ್ಣದೆ ಇರಲು ಸಾಧ್ಯವೆ? ಉಣ್ಣದಿದ್ದರೆ ತಾಯಿ ನೊಂದುಕೊಳ್ಳುತ್ತಾಳೆ, ಉಂಡರೆ ತಾಯಿಯ ನೋವೇ ಗಂಟಲಲ್ಲಿ ಇಳಿಯುತ್ತದೆ. ಒಮ್ಮೆ ಈ ಬಾಯಿಯನ್ನೇ ಕಿತ್ತುಬಿಡಿರೆಂದು ಚೀರುವಷ್ಟರ ಮಟ್ಟಿಗೆ ಆಕೆ ಬಳಲುತ್ತಾಳೆ, ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ.

ಆಕೆಗೆ ದೊರೆಯುವ ಆಸರೆ ವಿಚಿತ್ರವಾದುದು: ಶಾಲೆಯಲ್ಲಿ ಕಾಸು ಹಾಕಿದರೆ ಪೊಟ್ಟಣ ಉದುರಿಸುವ ಯಂತ್ರ. ಯಾವ ಕೈಯೂ ಮುಟ್ಟದೆ ಕಾರ್ಖಾನೆಯಲ್ಲಿ ತಯಾರಾದ ತಿಂಡಿಯಲ್ಲಿ ಯಾರ ಮನಸ್ಸೂ ಇರುವುದಿಲ್ಲ. ಆದುದರಿಂದ ಅದು ಆಕೆಗೆ ಶಾಂತಿ. ಮನೆಯೂಟ ಉತ್ತಮ, ಪೊಟ್ಟಣದ ತಿಂಡಿ ಹಾನಿಕರವೆಂದು ಮಕ್ಕಳಿಗೆ ಬುದ್ಧಿ ಹೇಳುವ ತಾಯಂದಿರು ಈ ಪುಟಗಳನ್ನು ಓದಿ ತುಸು ತಬ್ಬಿಬ್ಬಾಗದಿರಲಾರರು.

ಅಣ್ಣನ ಗೆಳೆಯ ಜಾರ್ಜ್ ಎಂಬ ಹುಡುಗ ಮಾತ್ರ ಆಕೆಯ ಮಾತನ್ನು ನಂಬುತ್ತಾನೆ. ನಂಬುವುದಕ್ಕೆ ಮುಂಚೆ ಪರೀಕ್ಷಿಸುತ್ತಾನೆಂಬುದು ಅವನ ಮೇಲ್ಮೆ. ಬಿಸ್ಕತ್ತಿನ ಅಂಗಡಿಗೆ ಕರೆದೊಯ್ದು ಒಂದೊಂದನ್ನೇ ತಿನ್ನಿಸಿ, ಮಾಡಿದವನು ಯಾವ ಮನಃಸ್ಥಿತಿಯಲ್ಲಿದ್ದನೆಂದು ಕೇಳಿ, ಹೌದೋ ಅಲ್ಲವೋ ಎಂದು ವಿಚಾರಿಸುತ್ತಾನೆ. ಹದಿಹರೆಯಕ್ಕೆ ಕಾಲಿಡುವ ಹುಡುಗಿಗೆ ಅವನ ಮೇಲೆ ಮೂಡುವ ಒಲವು ಹೇಳದೆಯೇ ತಿಳಿಯುವಂತಹದು.

ಹನ್ನೆರಡರ ಪ್ರಾಯದಲ್ಲಿ ಒಂದು ರಾತ್ರಿಯ ಊಟ ರೋಸಳಿಗೆ ಇನ್ನೊಂದು ಸುದ್ದಿಯನ್ನು ತರುತ್ತದೆ. ಮರಗೆಲಸ ಕಲಿಯಲೆಂದು ಹೋಗುತ್ತಿದ್ದ ತಾಯಿ ಅಲ್ಲಿ ಬೇರೊಬ್ಬನಿಗೆ ಮನಸೋತಿದ್ದಾಳೆ. ಎದುರಿಗೆ ಕುಳಿತ ತಂದೆ ಏನೊಂದನ್ನೂ ಅರಿಯದೆ ಅದೇ ಅಡಿಗೆಯನ್ನು ಮೆಚ್ಚಿ ಉಣ್ಣುತ್ತಿದ್ದಾನೆ. ಮಗಳು ಬಾಯಿ ಬಿಡುವುದಿಲ್ಲ. ಆ ದಿನಗಳಲ್ಲಿ ಊಟದಲ್ಲಿ ಅಪರಾಧದ ಕಹಿಯ ಜೊತೆಗೆ ಒಂದು ಗೆಲುವೂ ಬೆರೆತಿದೆ, ತಾಯಿ ಮೊದಲಿಗಿಂತ ಸುಖವಾಗಿದ್ದಾಳೆ ಎಂಬುದೂ ಆಕೆಗೆ ತಿಳಿಯುತ್ತದೆ. ತಾಯಿಯ ಸುಖವನ್ನು ಹಾರೈಸಬೇಕೆ, ತಂದೆಯ ಪಕ್ಷ ವಹಿಸಬೇಕೆ? ಹನ್ನೆರಡು ವರ್ಷದ ಮಗುವಿಗೆ ಇಂತಹ ನ್ಯಾಯಪೀಠವನ್ನು ಯಾರೂ ಹಾಕಿಕೊಡಬಾರದು. ಲೇಖಕಿ ತೀರ್ಪು ನೀಡುವುದಿಲ್ಲ. ತಟ್ಟೆ ತೊಳೆಯುವ ಸದ್ದಿನೊಡನೆ ಅಧ್ಯಾಯವನ್ನು ಮುಂದಕ್ಕೆ ಸಾಗಿಸಿಬಿಡುವಂತಹ ಸಂಯಮ ಆಕೆಯದು.

ಹಿತ್ತಾಳೆಯ ರುಚಿ ಕಂಡ ಪಾದ್ರಿ

ವಸ್ತುವನ್ನು ಮುಟ್ಟಿ ಅದರ ಹಿಂದಿನ ಮನುಷ್ಯರನ್ನು ಅರಿಯುವ ಈ ಕಲ್ಪನೆ ಕಾದಂಬರಿಕಾರರಿಗೆ ಹೊಸತೇನೂ ಅಲ್ಲ. ಸ್ಟೀಫನ್ ಕಿಂಗ್ ೧೯೭೯ರಲ್ಲಿ ಬರೆದ ‘ದಿ ಡೆಡ್ ಝೋನ್’ ಕಾದಂಬರಿಯ ನಾಯಕ ವರ್ಷಗಟ್ಟಲೆ ಎಚ್ಚರದಪ್ಪಿ ಮಲಗಿದ್ದು ಎದ್ದ ಮೇಲೆ, ಮುಟ್ಟಿದವರ ಹಿಂದುಮುಂದನ್ನು ಕಾಣುತ್ತಾನೆ. ಮೆಕ್ಸಿಕೋ ದೇಶದ ಲಾರಾ ಎಸ್ಕಿವೆಲ್ ೧೯೮೯ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ಲೈಕ್ ವಾಟರ್ ಫಾರ್ ಚಾಕೊಲೇಟ್’ ಎಂದು ಪ್ರಸಿದ್ಧವಾದ ಕಾದಂಬರಿಯಲ್ಲಿ, ತನ್ನ ಪ್ರಿಯನಿಗೂ ತನ್ನ ಅಕ್ಕನಿಗೂ ಮದುವೆಯಾಗುವಾಗ ಆ ಮದುವೆಯ ಕೇಕನ್ನು ತಾನೇ ಮಾಡಬೇಕಾಗಿ ಬಂದ ತೀತಾ ಎಂಬ ಹುಡುಗಿಯ ಕಣ್ಣೀರು ಹಿಟ್ಟಿಗೆ ಬೀಳುತ್ತದೆ. ತಿಂದ ಅತಿಥಿಗಳೆಲ್ಲರೂ ತಮ್ಮ ತಮ್ಮ ಕಳೆದುಹೋದ ಪ್ರೇಮವನ್ನು ನೆನೆದು ಅಳತೊಡಗುತ್ತಾರೆ.

ಕಥೆಗಾರರಿಗೆ ಮುಂಚೆಯೇ ಇದನ್ನು ನಿಜವೆಂದು ನಂಬಿ ಶಾಸ್ತ್ರ ಕಟ್ಟಲು ಹೊರಟವರಿದ್ದರು. ೧೮೪೨ರಲ್ಲಿ ಜೋಸೆಫ್ ರೋಡ್ಸ್ ಬುಕಾನನ್ ಎಂಬ ಅಮೆರಿಕನ್ ವೈದ್ಯ ಇದಕ್ಕೆ ‘ಸೈಕೊಮೆಟ್ರಿ’ ಎಂದು ಹೆಸರಿಟ್ಟ. ಆತನ ಕುತೂಹಲವನ್ನು ಕೆರಳಿಸಿದ್ದು ಲಿಯೊನಿಡಾಸ್ ಪೋಕ್ ಎಂಬ ಬಿಷಪ್ಪರ ಮಾತು. ಕತ್ತಲಲ್ಲಿ ತಿಳಿಯದೆ ಹಿತ್ತಾಳೆಯನ್ನು ಮುಟ್ಟಿದರೂ ಅದರ ರುಚಿ ತಮ್ಮ ಬಾಯಿಗೆ ಬರುತ್ತದೆಂದು ಅವರು ಹೇಳಿದ್ದರಂತೆ. (ಈ ಪಾದ್ರಿಗಳು ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿಯಾಗಿ, ೧೮೬೪ರಲ್ಲಿ ಫಿರಂಗಿಯ ಗುಂಡಿಗೆ ಬಲಿಯಾದರು.) ಕೈಯಿಂದ ಬಾಯಿಗೆ ಬಂದ ಈ ಹಿತ್ತಾಳೆಯ ರುಚಿ ರೋಸಳ ಕೇಕಿನ ಮುತ್ತಜ್ಜಿಯೆನ್ನಬಹುದು. ಬುಕಾನನ್ ತನ್ನ ವಿದ್ಯಾರ್ಥಿಗಳ ಕೈಯಲ್ಲಿ ಔಷಧಗಳನ್ನು ಕಾಗದದಲ್ಲಿ ಸುತ್ತಿಟ್ಟು ಪರೀಕ್ಷಿಸಿದ. ವಾಂತಿಯ ಮದ್ದನ್ನು ಹಿಡಿದ ಕೆಲವರಿಗೆ ಹೊಟ್ಟೆ ತೊಳಸಿತು. ಮದ್ದಿನಿಂದ ಪತ್ರಗಳಿಗೆ ಬಂದ: ಮುಚ್ಚಿದ ಪತ್ರವನ್ನು ಹಿಡಿದು ಬರೆದವರ ಸ್ವಭಾವವನ್ನು ವರ್ಣಿಸುವವರು ಆತನಿಗೆ ದೊರೆತರು.

ಆತನ ಹಾದಿಯನ್ನು ಹಿಡಿದವನು ವಿಲಿಯಂ ಡೆಂಟನ್ ಎಂಬ ಭೂವಿಜ್ಞಾನಿ. ಇಂಗ್ಲೆಂಡಿನಲ್ಲಿ ೧೮೨೩ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದವನು. ಕಲ್ಲು, ಮೂಳೆ, ಲಾವಾದ ಚೂರುಗಳನ್ನು ಕಾಗದದಲ್ಲಿ ಸುತ್ತಿ ಪತ್ನಿ ಎಲಿಜಬೆತ್ ಮತ್ತು ತಂಗಿ ಆನ್ ಇವರ ಕೈಗೆ ಕೊಡುತ್ತಿದ್ದ. ಹವಾಯಿ ದ್ವೀಪದ ಜ್ವಾಲಾಮುಖಿಯ ಚೂರು ಕೈಗೆ ಬಂದಾಗ ಸಮುದ್ರಕ್ಕೆ ಧುಮುಕುವ ಬೆಂಕಿಯ ಹೊಳೆ ಕಾಣಿಸಿತಂತೆ. ಈ ವೃತ್ತಾಂತಗಳನ್ನೆಲ್ಲ ಸೇರಿಸಿ ದಂಪತಿಗಳು ೧೮೬೩ರಲ್ಲಿ ‘ದಿ ಸೋಲ್ ಆಫ್ ಥಿಂಗ್ಸ್’, ಎಂದರೆ ವಸ್ತುಗಳ ಆತ್ಮ, ಎಂಬ ಪುಸ್ತಕವನ್ನು ಹೊರತಂದರು. ಮುಂದಿನ ಸಂಪುಟಗಳಲ್ಲಿ ಮಗ ಶರ್ಮನ್ ಮಂಗಳ ಗ್ರಹದ ನಿವಾಸಿಗಳನ್ನೂ ಕಂಡು ವರ್ಣಿಸಿದ. ಅಲ್ಲಿಗೆ ಶಾಸ್ತ್ರ ಮುಗಿದು ಕಥೆ ಆರಂಭವಾಯಿತೆನ್ನಬೇಕು. ೧೯೬೫ರಿಂದೀಚೆಗೆ ಮಂಗಳದ ಬಳಿಗೆ ಹೋದ ಯಂತ್ರನೌಕೆಗಳಿಗೆ ಕಲ್ಲು, ಧೂಳು, ಕುಳಿಗಳಲ್ಲದೆ ಯಾವ ಜನರೂ ಕಾಣಲಿಲ್ಲ.

ಪರೀಕ್ಷಕನೂ ಪರೀಕ್ಷೆಗೊಳಗಾದವರೂ ಒಂದೇ ಮನೆಯವರಾದರೆ, ಸುತ್ತಿದ ಕಾಗದದ ಆಕಾರ, ತೂಕ, ಕೊಡುವವನ ಮುಖಭಾವ ಇವೇ ಸಾಕಷ್ಟು ಹೇಳಿಬಿಡುತ್ತವೆ. ಡೆಂಟನ್ ಪ್ರಾಮಾಣಿಕನೆಂಬಲ್ಲಿ ಸಂಶಯಪಡಬೇಕಾಗಿಲ್ಲ. ಪ್ರಾಮಾಣಿಕತೆಯೊಂದೇ ವಿಜ್ಞಾನಕ್ಕೆ ಸಾಲದು. ಆತ ೧೮೮೩ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಜ್ವರದಿಂದ ತೀರಿಕೊಂಡ. ತಂಗಿ ಆನ್ ಡೆಂಟನ್ ಕ್ರಿಜ್ ಬೇರೊಂದು ಕಾರಣಕ್ಕಾಗಿ ನೆನಪಿಡತಕ್ಕವಳು. ಗಂಡಸರು ಒಲೆಯ ಮುಂದೆ ಬೇಯುತ್ತ, ಹೆಂಗಸರು ರಾಜ್ಯವಾಳುವ ಲೋಕವೊಂದನ್ನು ಕನಸಾಗಿ ಚಿತ್ರಿಸಿದ ಪುಸ್ತಕವನ್ನು ಆಕೆ ೧೮೭೦ರಲ್ಲಿ ಪ್ರಕಟಿಸಿದಳು. ಕಲ್ಲಿನ ಮನಸ್ಸನ್ನು ಓದಿದಳೋ ಇಲ್ಲವೋ, ಅಡಿಗೆಮನೆಯ ಮನಸ್ಸನ್ನಂತೂ ಚೆನ್ನಾಗಿ ಓದಿದ್ದಳು.

ಇಪ್ಪತ್ತನೆಯ ಶತಮಾನದಲ್ಲೂ ಈ ನಂಬಿಕೆ ಅಳಿಯಲಿಲ್ಲ. ಜರ್ಮನರ ಆಕ್ರಮಣಕ್ಕೊಳಗಾದ ವಾರ್ಸಾ ನಗರದಲ್ಲಿ ೧೯೪೧-೪೨ರ ವೇಳೆ ಸ್ಟೆಫಾನ್ ಒಸ್ಸೊವಿಯೆತ್ಸ್ಕಿ ಎಂಬ ಇಂಜಿನಿಯರ್ ಶಿಲಾಯುಗದ ಉಪಕರಣಗಳನ್ನು ಕೈಯಲ್ಲಿ ಹಿಡಿದು, ಅವನ್ನು ಬಳಸಿದ ಜನರನ್ನು ಬಣ್ಣಿಸುತ್ತಿದ್ದ, ಪ್ರಾಧ್ಯಾಪಕರೊಬ್ಬರು ಬರೆದುಕೊಳ್ಳುತ್ತಿದ್ದರು. ಆತ ಹೇಳಿದ್ದು ನಿಜವೆನ್ನಲು ಆಧಾರವಿಲ್ಲ. ಆದರೆ ಹೊರಗೆ ಬೂಟುಗಾಲಿನ ಸಪ್ಪಳ ಕೇಳುತ್ತಿರುವಾಗ, ಸಾವಿರಾರು ವರ್ಷಗಳ ಹಿಂದಿನವರು ಬೆಂಕಿಯ ಸುತ್ತ ಕುಳಿತ ಚಿತ್ರವನ್ನು ಕಲ್ಲಿನೊಳಗೆ ಅರಸುವ ಮನುಷ್ಯರ ಹಂಬಲ ಅರ್ಥವಾಗದಂತಹದಲ್ಲ. ೧೯೪೪ರ ವಾರ್ಸಾ ದಂಗೆಯ ಕಾಲದಲ್ಲಿ ಒಸ್ಸೊವಿಯೆತ್ಸ್ಕಿ ಕೊಲ್ಲಲ್ಪಟ್ಟ.

ಒಗೆದರೂ ಹೋಗದ ಮೈಲಿಗೆ

ಹಾಗಾದರೆ ಎಲ್ಲವೂ ಬರಿಯ ಭ್ರಮೆಯೆ? ಮನಶ್ಶಾಸ್ತ್ರಜ್ಞರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ವಸ್ತುವಿನಲ್ಲಿ ಭಾವ ಉಳಿಯುವುದೋ ಇಲ್ಲವೋ ಇರಲಿ, ಉಳಿಯುತ್ತದೆಂದು ಜನ ನಡೆದುಕೊಳ್ಳುವುದೇಕೆ? ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಪಾಲ್ ರೋಜಿನ್ ಮತ್ತು ಸಂಗಡಿಗರು ೧೯೮೦ರ ದಶಕದಿಂದ ಈ ಬಗ್ಗೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ದ್ವೇಷಕ್ಕೆ ಪಾತ್ರನಾದವನು ಒಮ್ಮೆ ತೊಟ್ಟ ಸ್ವೆಟರನ್ನು ಚೆನ್ನಾಗಿ ಒಗೆದು ಕೊಟ್ಟರೆ ತೊಡುವಿರಾ ಎಂಬುದು ಪ್ರಶ್ನೆ. ಹಿಟ್ಲರನ ಹೆಸರು ಹೇಳಿದರಂತೂ ವಿದ್ಯಾವಂತರು, ದೇವರು ದೆವ್ವಗಳನ್ನು ನಂಬದವರು ಕೂಡ ಹಿಂದೆಗೆದರು. ಒಗೆದದ್ದರಿಂದ ಆ ಹಿಂಜರಿಕೆ ಪೂರ್ಣವಾಗಿ ಹೋಗಲಿಲ್ಲ. ಕೊಳೆ ಹೋಗಿತ್ತು, ಮನುಷ್ಯ ಹೋಗಿರಲಿಲ್ಲ. ಮಡಿ ಮೈಲಿಗೆಗಳ ಮನೆಯಲ್ಲಿ ಬೆಳೆದವರಿಗೆ ಈ ಫಲಿತಾಂಶವನ್ನು ವಿವರಿಸಬೇಕಾಗಿಲ್ಲ. ಅದೇ ಮೈಲಿಗೆಯ ಭಾವನೆ ಮನುಷ್ಯರನ್ನೇ ದೂರವಿಡುವ ಕ್ರೌರ್ಯಕ್ಕೂ ದಾರಿಮಾಡಿತೆಂಬುದನ್ನು ಮರೆಯುವಂತಿಲ್ಲ.

ಇದಕ್ಕೆ ಒಳ್ಳೆಯ ಮುಖವೂ ಉಂಟು. ೧೯೯೬ರಲ್ಲಿ ನ್ಯೂಯಾರ್ಕಿನಲ್ಲಿ ಅಧ್ಯಕ್ಷ ಕೆನೆಡಿಯ ಪತ್ನಿ ಜಾಕ್ವೆಲಿನ್‌ರ ವಸ್ತುಗಳು ಹರಾಜಾದಾಗ, ಬಟ್ಟೆ ಅಳೆಯುವ ಒಂದು ಟೇಪಿಗೆ ೪೮,೮೭೫ ಡಾಲರು ಬೆಲೆ ಬಂದಿತು. ಮಕ್ಕಳ ಸಂಗತಿ ಇನ್ನೂ ಸೊಗಸು. ಬ್ರಿಟನ್ನಿನ ಬ್ರೂಸ್ ಹುಡ್ ಮತ್ತು ಅಮೆರಿಕದ ಪಾಲ್ ಬ್ಲೂಮ್ ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ವಸ್ತುವನ್ನಾದರೂ ತದ್ವತ್ ಎರಡಾಗಿಸುವ ಯಂತ್ರವೆಂದು ಹೇಳಿ ಎಳೆಯರಿಗೆ ಒಂದು ಪೆಟ್ಟಿಗೆಯನ್ನು ತೋರಿಸಿದರು. ಪ್ರತಿದಿನ ತಬ್ಬಿ ಮಲಗುವ ಹಳೆಯ ಗೊಂಬೆಯನ್ನು ತಂದ ಮಕ್ಕಳಲ್ಲಿ ಕೆಲವರು ಅದನ್ನು ಯಂತ್ರಕ್ಕೆ ಒಪ್ಪಿಸಲೇ ಒಪ್ಪಲಿಲ್ಲ. ಒಪ್ಪಿಸಿದವರಲ್ಲೂ ಬಹುಮಂದಿಗೆ ಬೇಕಾದುದು ಹಳೆಯದೇ. ಅದರಂತೆಯೇ ಇರುವ ಇನ್ನೊಂದು ಗೊಂಬೆ ಅದಲ್ಲ. ಇದನ್ನು ಅವರಿಗೆ ಯಾರು ಕಲಿಸಿದರು?

ಭಾವ ಸ್ಥಳದಲ್ಲಿ ಉಳಿಯುತ್ತದೆಂಬ ನಂಬಿಕೆಯನ್ನೇ ವಿಷಯವಾಗಿಟ್ಟುಕೊಂಡು ಕೃಷ್ಣ ಸಾವನಿ, ಕ್ಯಾರಲ್ ಡ್ವೆಕ್ ಮತ್ತು ಭಾರತದ ಇಬ್ಬರು ವಿದ್ವಾಂಸರು ೨೦೧೧ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಭಾರತೀಯರು ಇಂತಹ ನಂಬಿಕೆಯನ್ನು ಅಮೆರಿಕನ್ನರಿಗಿಂತ ಹೆಚ್ಚು ಮುಕ್ತವಾಗಿ ಒಪ್ಪಿಕೊಂಡರು. ಆದರೆ ಬಾಯಿಯಲ್ಲಿ ಇಲ್ಲವೆಂದ ಅಮೆರಿಕನ್ನರ ನಡವಳಿಕೆಯಲ್ಲಿಯೂ ಅದೇ ನಂಬಿಕೆಯ ಎಳೆ ಕಾಣಿಸಿತು.

ಕೈರುಚಿಯ ಬಗ್ಗೆಯೂ ಒಂದು ಪುಟ್ಟ ಪುರಾವೆಯಿದೆ. ಕರ್ಟ್ ಗ್ರೇ ಎಂಬ ವಿದ್ವಾಂಸ ೨೦೧೨ರಲ್ಲಿ ಪ್ರಕಟಿಸಿದಂತೆ, ಒಂದೇ ಬಗೆಯ ಮಿಠಾಯಿಯನ್ನು ಎರಡು ಗುಂಪುಗಳಿಗೆ ಕೊಡಲಾಯಿತು. ನಿಮಗೆ ಸಂತೋಷವಾಗಲೆಂದು ಆರಿಸಿದ್ದು ಎಂಬ ಚೀಟಿ ಒಂದು ಗುಂಪಿಗೆ. ಯಾವುದೋ ಒಂದನ್ನು ಎತ್ತಿಕೊಟ್ಟದ್ದು, ನಿಮ್ಮ ಗೊಡವೆ ನನಗಿಲ್ಲ ಎಂಬರ್ಥದ ಚೀಟಿ ಇನ್ನೊಂದಕ್ಕೆ. ಮೊದಲನೆಯವರ ನಾಲಗೆಗೆ ಮಿಠಾಯಿ ಹೆಚ್ಚು ಸಿಹಿಯೆನಿಸಿತು. ಸಕ್ಕರೆ ಒಂದು ಹರಳೂ ಹೆಚ್ಚಿರಲಿಲ್ಲ.

ಇಲ್ಲಿಯವರೆಗಿನದೆಲ್ಲ ತಿನ್ನುವವನ, ತೊಡುವವನ ಮನಸ್ಸಿನೊಳಗೆ ನಡೆಯುವ ವ್ಯಾಪಾರ. ಆದರೆ ನಿಜವಾಗಿಯೂ ವಸ್ತುವಿಗೆ ಅಂಟಿದ ಭಾವವೊಂದು ಪ್ರಯೋಗಶಾಲೆಯಲ್ಲಿ ಕಾಣಿಸಿಕೊಂಡುದುಂಟು. ೨೦೦೯ರಲ್ಲಿ ಲಿಲಿಯಾನ್ ಮುಹಿಕಾ ಪರೋಡಿ ಮತ್ತು ಸಂಗಡಿಗರು, ಮೊಟ್ಟಮೊದಲ ಬಾರಿಗೆ ವಿಮಾನದಿಂದ ಧುಮುಕುವವರ ಬೆವರನ್ನು ಬಟ್ಟೆಯ ತುಂಡುಗಳಲ್ಲಿ ಹಿಡಿದಿಟ್ಟರು. ಅದೇ ಜನ ಯಂತ್ರದ ಮೇಲೆ ಓಡಿದಾಗ ಬಂದ ಬೆವರನ್ನು ಬೇರೆ ಇಟ್ಟರು. ಯಾವುದು ಯಾವುದೆಂದು ತಿಳಿಯದ ಅಪರಿಚಿತರಿಗೆ ಅವನ್ನು ಮೂಸಲು ಕೊಟ್ಟು ಮಿದುಳನ್ನು ಪರೀಕ್ಷಿಸಿದರೆ, ಭಯದ ಬೆವರಿಗೆ ಮಾತ್ರ, ಭಯವನ್ನು ಗುರುತಿಸುವ ಮಿದುಳಿನ ಭಾಗ ಹೆಚ್ಚು ಚುರುಕಾಯಿತು. ಕಣ್ಣಿಗೆ ಚಿತ್ರ ಕಾಣಿಸಲಿಲ್ಲ, ಕಥೆ ಕೇಳಿಸಲಿಲ್ಲ. ಡೆಂಟನ್ನನ ಬೆಂಕಿಯ ಹೊಳೆಗೂ ಇದಕ್ಕೂ ಬಹುದೂರ. ಆದರೂ ಒಬ್ಬನ ಭಯ ಬಟ್ಟೆಯ ಚೂರಿನಲ್ಲಿ ಕುಳಿತು ಇನ್ನೊಬ್ಬನನ್ನು ತಲುಪಿತ್ತು. ಬೇಕರಿಯ ಉರಿಯಲ್ಲಿ ಬೆಂದ ಕೇಕಿಗೆ ಇದು ಅನ್ವಯಿಸಲಾರದು. ಮಗುವಿನ ಹೊದಿಕೆಗೆ, ತಾಯಿಯ ಸೀರೆಯ ಸೆರಗಿಗೆ ಅನ್ವಯಿಸೀತೆ? ವಿಚಾರ ಮಾಡತಕ್ಕ ಮಾತು.

ಆಸ್ಪತ್ರೆಯ ಮುಂದಿನ ಬೀದಿ

ಮತ್ತೆ ಕಾದಂಬರಿಗೆ ಬರಬಹುದು. ಅದರ ಕೊನೆಯ ಭಾಗದಲ್ಲಿ ಅತ್ಯಂತ ಮನಕರಗಿಸುವ ಪಾತ್ರ ರೋಸಳದಲ್ಲ, ಆಕೆಯ ತಂದೆಯದು. ಈ ಮನುಷ್ಯ ಎಂದೂ ಆಸ್ಪತ್ರೆಯೊಳಗೆ ಕಾಲಿಟ್ಟವನಲ್ಲ. ಮಗಳು ಹುಟ್ಟಿದಾಗ ಕೂಡ ಬೀದಿಯಲ್ಲೇ ನಿಂತಿದ್ದ. ತಾಯಿ ಕಿಟಕಿಯಿಂದ ಕೂಸನ್ನು ತೋರಿಸಬೇಕಾಯಿತು. ಮನೆಯವರೆಲ್ಲ ಅದನ್ನೊಂದು ಹುಚ್ಚೆಂದು ತಿಳಿದು ಸುಮ್ಮನಿದ್ದರು. ಬಹುಕಾಲದ ಮೇಲೆ ಮಗಳಿಗೆ ಗುಟ್ಟು ತಿಳಿಯುತ್ತದೆ. ಆತನ ತಂದೆಗೆ ಮನುಷ್ಯರ ಅಂತರಂಗ ವಾಸನೆಯಾಗಿ ತಿಳಿಯುತ್ತಿತ್ತಂತೆ. ತಾಳಲಾರದೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದನಂತೆ. ತನ್ನಲ್ಲಿಯೂ ಅಂತಹದೇನೋ ಇರಬಹುದು, ಆಸ್ಪತ್ರೆಯೊಳಗೆ ಹೋದರೆ ಅದು ಎಚ್ಚರಗೊಂಡೀತು ಎಂಬ ಶಂಕೆಯಿಂದ ಈತ ಜೀವನವಿಡೀ ಹೊರಗೇ ನಿಂತ. ಏನೆಂದು ತಿಳಿದುಕೊಳ್ಳಲೂ ಇಲ್ಲ.

ಅಣ್ಣ ಜೋಸೆಫ್ ಇನ್ನೂ ದೂರ ಹೋಗುತ್ತಾನೆ. ಯಾರ ಭಾವವೂ ತಾಗದಂತೆ, ತನ್ನದೂ ಯಾರಿಗೂ ತಾಗದಂತೆ, ಆತ ಕೋಣೆಯ ಪೀಠೋಪಕರಣಗಳಲ್ಲಿ ಒಂದಾಗಿ ಮರೆಯಾಗುತ್ತಾನೆ. ಕೊನೆಗೆ ಮಡಿಸಿಡುವ ಒಂದು ಕುರ್ಚಿಯಷ್ಟೇ ಉಳಿಯುತ್ತದೆ. ಕಾದಂಬರಿಯ ಈ ಭಾಗ ಎಲ್ಲರಿಗೂ ರುಚಿಸಲಾರದು. ಕೇಕಿನಲ್ಲಿ ದುಃಖವಿದೆಯೆಂದರೆ ನಂಬುವ ಓದುಗನೂ ಹುಡುಗ ಕುರ್ಚಿಯಾದನೆಂದರೆ ಪುಸ್ತಕವನ್ನು ಕೆಳಗಿಟ್ಟು ಒಮ್ಮೆ ನಿಟ್ಟುಸಿರಿಟ್ಟಾನು. ಲೇಖಕಿ ಕಾರಣವನ್ನು ಇನ್ನಷ್ಟು ತೆರೆದಿಟ್ಟಿದ್ದರೆ ಚೆನ್ನಾಗಿತ್ತು. ಆದರೂ ಒಂದೇ ಮನೆತನದ ಮೂವರು ಒಂದೇ ಹೊರೆಯನ್ನು ಮೂರು ಬಗೆಯಲ್ಲಿ ಹೊತ್ತ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ: ತಂದೆ ಬಾಗಿಲ ಹೊರಗೆ ನಿಂತ, ಮಗ ಮರವಾದ, ಮಗಳು ತಟ್ಟೆಯ ಮುಂದೆ ಕುಳಿತು ಉಂಡಳು.

ಬೆಳೆದ ಮೇಲೆ ರೋಸ್ ನಗರದ ಒಂದು ಸಣ್ಣ ಫ್ರೆಂಚ್ ಹೋಟೆಲನ್ನು ಕಂಡುಕೊಳ್ಳುತ್ತಾಳೆ. ಗಂಡಹೆಂಡಿರು ನಡೆಸುವ ಅಂಗಡಿ. ಅಲ್ಲಿಯ ಅಡಿಗೆಯಲ್ಲಿಯೂ ಮನುಷ್ಯರ ಮನಸ್ಸಿದೆ; ಆದರೆ ಅಡಿಗೆ ಮಾಡುವಾಗ ಆ ಮನಸ್ಸು ಅಡಿಗೆಯಲ್ಲಿಯೇ ಇದೆ, ಬೇರೆಲ್ಲಿಯೋ ಅಲೆಯುತ್ತಿಲ್ಲ. ಯಂತ್ರದ ತಿಂಡಿಯಲ್ಲದೆ ಇನ್ನೊಂದು ಬಗೆಯ ಶಾಂತಿಯೂ ಉಂಟೆಂದು ಆಕೆಗೆ ಮೊದಲ ಬಾರಿಗೆ ತಿಳಿಯುತ್ತದೆ. ಒಂದು ದಿನ ಅವರ ಅಡಿಗೆಮನೆಗೆ ಹೋಗಿ ಕೆಲಸ ಕೇಳುತ್ತಾಳೆ. ಸದ್ಯಕ್ಕೆ ಪಾತ್ರೆ ತೊಳೆಯುವ ಕೆಲಸ ಸಿಗುತ್ತದೆ.